‘ಟ್ರೆಂಡಿ’ ಎಂಬ ಮಾತಿನ ಸುತ್ತಮುತ್ತ

ದೀಪಾವಳಿಗೆ ಮುಂಚಿನ ಒಂದು ಭಾನುವಾರ ನಮ್ಮ ಮನೆಯಲ್ಲಿ ನಡೆದ ಮಾತುಕತೆಯಿಂದ ಈ ಲೇಖನ ಹುಟ್ಟಿತು. ಕಾಲೇಜಿಗೆ ಹೋಗುವ ನಮ್ಮ ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, “ಅಜ್ಜೀ, ನಿನ್ನ ಹತ್ರ ಹಳೇ ಇಳಕಲ್ ಸೀರಿ ಇದ್ದುವಲ್ಲ, ಅದರಾಗ ಒಂದು ನನಗ ಕೊಡು. ಈಗ ಅದು ಭಾಳ ಟ್ರೆಂಡಿ ಆಗ್ಯದ” ಎಂದಳು. ಅಜ್ಜಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, “ಅದು ಈಗ ಎಲ್ಲಿ ಸಿಗಬೇಕವ್ವಾ? ‘ಈ ಕಾಲದಾಗ ಇದನ್ನ ಯಾರು ಉಡತಾರ’ ಅಂತ ನೀವೆಲ್ಲಾ ಕೂಡೇ ಪಾತ್ರಿ ಮಾರಾಕಿಗೆ ಕೊಟ್ಟು ಸ್ಟೀಲ್ ಡಬ್ಬಿ ತೊಗೊಂಡ್ರಿ. ಆ ಡಬ್ಬ್ಯಾಗ ಈಗ ಅವಲಕ್ಕಿ ಅದ, ನೋಡು ಹೋಗು” ಎಂದರು. ಪತ್ರಿಕೆ ಓದುತ್ತ ಕುಳಿತಿದ್ದ ನಾವು ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮರೆಮಾಡಿಕೊಂಡೆವು. ಆ ‘ನೀವೆಲ್ಲಾ’ ಎಂಬುದರಲ್ಲಿ ನಾವೂ ಸೇರಿದ್ದೆವು.

ಸೀರೆ ಹೋದದ್ದು ಹೋಯಿತು. ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಒಂದೇ ಸೀರೆ, ಒಂದೇ ನೂಲು, ಒಂದೇ ದಡಿ. ಅಂದು ಅದನ್ನು ಮನೆಯಿಂದ ಹೊರಹಾಕಿಸಿದ ಮಾತೂ ಇಂದು ಅದನ್ನು ಮರಳಿ ಬೇಡಿಸಿದ ಮಾತೂ ಒಂದೇ. ಅಂದು ‘ಟ್ರೆಂಡಿ ಅಲ್ಲ’ ಎಂದೆವು, ಇಂದು ‘ಟ್ರೆಂಡಿ’ ಎನ್ನುತ್ತಿದ್ದೇವೆ. ಇಷ್ಟು ಅಧಿಕಾರವುಳ್ಳ ಈ ಮಾತು ಯಾವುದು, ಎಲ್ಲಿಂದ ಬಂತು, ನಾವು ಅದನ್ನು ಸರಿಯಾದ ಅರ್ಥದಲ್ಲಿ ಬಳಸುತ್ತಿದ್ದೇವೆಯೇ ಎಂದು ವಿಚಾರ ಮಾಡುವುದು ಅನುಚಿತವಾಗಲಾರದು.

ಇಂಗ್ಲಿಷಿನಲ್ಲಿ ಹೊಸ ಷೋಕಿಯ ವಸ್ತುಗಳನ್ನು ಸೂಚಿಸುವ ಮಾತುಗಳಿಗೆ ಬಡತನವಿಲ್ಲ. ಫ್ಯಾಷನ್, ಸ್ಟೈಲ್, ವೋಗ್, ಫ್ಯಾಡ್, ಕ್ರೇಜ್, ಟ್ರೆಂಡ್ ಹೀಗೆ ಸಾಲೇ ಇದೆ. ನಾವು ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ. ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಹುಟ್ಟೂರು ಉಂಟು. ‘ಫ್ಯಾಷನ್’ ಎಂಬುದು ಲ್ಯಾಟಿನ್ನಿನ ‘ಮಾಡು’ ಎಂಬರ್ಥದ ಧಾತುವಿನಿಂದ ಹೊರಟು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಮಾತು. ಮೊದಲಿಗೆ ಅದರ ಅರ್ಥ ಮಾಡಿದ ಬಗೆ, ಕೊಟ್ಟ ಆಕಾರ ಎಂದಷ್ಟೇ. ಬಡಗಿ ಮರಕ್ಕೆ ರೂಪ ಕೊಡುವುದನ್ನೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದದಿಂದ ಹೇಳಬಹುದು. ‘ಸ್ಟೈಲ್’ ಎಂಬುದರ ಮೂಲ ರೋಮನರು ಮೇಣದ ಹಲಗೆಯ ಮೇಲೆ ಬರೆಯುತ್ತಿದ್ದ ಮೊನಚಾದ ಕಡ್ಡಿ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಂಟದಂಥದು. ಬರೆಯುವ ಕಡ್ಡಿಯ ಹೆಸರು ಬರೆಯುವ ರೀತಿಗೆ ಬಂತು, ಅಲ್ಲಿಂದ ನಡೆಯುವ, ಉಡುವ ರೀತಿಗೂ ಹರಡಿತು. ‘ವೋಗ್’ ದೋಣಿ ಹುಟ್ಟುಹಾಕುವುದಕ್ಕೆ ಸಂಬಂಧಿಸಿದ ಫ್ರೆಂಚ್ ಮಾತು. ‘ಕ್ರೇಜ್’ ಎಂದರೆ ಒಡೆಯುವುದು, ಬಿರುಕು ಬಿಡುವುದು. ಪಿಂಗಾಣಿ ಬಟ್ಟಲಿನ ಹೊಳಪಿನಲ್ಲಿ ಕಾಣುವ ಕೂದಲೆಳೆಯಂಥ ಬಿರುಕುಗಳಿಗೆ ಇಂದಿಗೂ ಈ ಮಾತೇ ಇದೆ. ಬುದ್ಧಿಯಲ್ಲಿ ಬಿರುಕು ಬಿಟ್ಟರೆ ಅದೂ ಕ್ರೇಜ್. ಈ ಪದವನ್ನು ಕಂಡುಹಿಡಿದವರಿಗೆ ಮನುಷ್ಯ ಸ್ವಭಾವ ಚೆನ್ನಾಗಿ ತಿಳಿದಿದ್ದಿರಬೇಕು.

ಇನ್ನು ನಮ್ಮ ಪ್ರಕೃತ ವಿಷಯವಾದ ‘ಟ್ರೆಂಡ್’. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಉರುಳು, ತಿರುಗು ಎಂದು ಅರ್ಥ. ಮುಂದೆ ನದಿಯು ಇಂಥ ದಿಕ್ಕಿಗೆ ತಿರುಗಿ ಹರಿಯುತ್ತದೆ, ಕರಾವಳಿ ಇಂಥ ದಿಕ್ಕಿಗೆ ಬಾಗುತ್ತದೆ ಎನ್ನುವಾಗ ಈ ಕ್ರಿಯಾಪದವನ್ನು ಬಳಸತೊಡಗಿದರು. ಹಡಗಿನವರಿಗೆ ಇದು ಬಹು ಉಪಯೋಗದ ಮಾತು. ಎದುರಿಗೆ ಒಂದು ಬಂಡೆ ಕಂಡಿತೆಂದು ಅವರು ದಿಕ್ಕು ನಿರ್ಣಯಿಸುವುದಿಲ್ಲ. ಹತ್ತಾರು ಮೈಲಿ ಕರಾವಳಿ ಒಟ್ಟಾರೆ ಯಾವ ಕಡೆಗೆ ಸಾಗಿದೆ ಎಂಬುದು ಅವರಿಗೆ ಮುಖ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಮಾತು ಭೂಗೋಳದಿಂದ ಸಮಾಜಕ್ಕೆ ಬಂತು. ಜನರ ಅಭಿಪ್ರಾಯದ ಒಲವು, ಬೆಲೆಗಳ ಒಲವು ಎಂಬ ಅರ್ಥ ಹುಟ್ಟಿತು. ಸಂಖ್ಯಾಶಾಸ್ತ್ರದವರು ಇದನ್ನು ಎತ್ತಿಕೊಂಡು ಖಚಿತವಾದ ಅರ್ಥ ಕೊಟ್ಟರು.

ಬಿ.ಎಸ್ಸಿ. ತರಗತಿಯಲ್ಲಿ ನಾವು ಕಲಿತ ಪಾಠವೊಂದು ಇಲ್ಲಿ ನೆನಪಾಗುತ್ತದೆ. ಕಾಲಕ್ರಮದಲ್ಲಿ ದಾಖಲಾದ ಯಾವುದೇ ಅಂಕಿಗಳ ಸಾಲನ್ನು ನಾಲ್ಕಾಗಿ ಬಿಡಿಸಬಹುದು. ಮೊದಲನೆಯದು ಹಲವು ವರ್ಷಗಳ ಉದ್ದಕ್ಕೂ ಕಾಣುವ ಏರಿಕೆ ಅಥವಾ ಇಳಿಕೆ. ಇದೇ ಟ್ರೆಂಡ್. ಎರಡನೆಯದು ವರ್ಷವರ್ಷವೂ ಅದೇ ತಿಂಗಳಲ್ಲಿ ಬಂದುಹೋಗುವ ಋತುಮಾನದ ಏರಿಳಿತ. ಮೂರನೆಯದು ಕೆಲವು ವರ್ಷಗಳಿಗೊಮ್ಮೆ ಸುತ್ತಿ ಬರುವ ಚಕ್ರ. ನಾಲ್ಕನೆಯದು ಬರಗಾಲ, ಪ್ರವಾಹ, ಮುಷ್ಕರಗಳಂಥ ಆಕಸ್ಮಿಕ. ದೀಪಾವಳಿಯ ತಿಂಗಳಲ್ಲಿ ಬಟ್ಟೆಯ ವ್ಯಾಪಾರ ಏರಿದರೆ ಅದು ಟ್ರೆಂಡ್ ಅಲ್ಲ, ಋತುಮಾನ. ಇಪ್ಪತ್ತು ವರ್ಷಗಳಲ್ಲಿ ಧೋತರ ಉಡುವವರು ಕಡಿಮೆಯಾಗುತ್ತ ಬಂದರೆ ಅದು ಟ್ರೆಂಡ್. ಟ್ರೆಂಡನ್ನು ಕಾಣಬೇಕಾದರೆ ಚಲಿಸುವ ಸರಾಸರಿ ತೆಗೆದು ಈ ತಿಂಗಳ ಗದ್ದಲವನ್ನೆಲ್ಲ ಸೋಸಿ ಹಾಕಬೇಕು. ಉಳಿದದ್ದೇ ಅದು. ಸಂಕ್ಷೇಪವಾಗಿ ಹೇಳುವುದಾದರೆ, ಬೇಗ ಬಂದು ಬೇಗ ಹೋಗುವುದು ಏನೇ ಆಗಿರಲಿ, ಶಾಸ್ತ್ರದ ಪ್ರಕಾರ ಅದು ಟ್ರೆಂಡ್ ಅಲ್ಲ.

ಹಾಗಿದ್ದರೆ ‘ಟ್ರೆಂಡಿ’ ಹೇಗೆ ಹುಟ್ಟಿತು? ಮಳೆಗೆ ಸಂಬಂಧಿಸಿದ ಇಂಗ್ಲಿಷ್ ನಾಮಪದಕ್ಕೆ ‘ಇ’ ಹಚ್ಚಿ ಮಳೆಯ ದಿನ ಎನ್ನುವ ವಿಶೇಷಣ ಮಾಡುವಂತೆ, ಟ್ರೆಂಡಿಗೂ ಬಾಲ ಹಚ್ಚಿದರು. ನಿಘಂಟುಕಾರರು ಇದರ ಮೊದಲ ಬಳಕೆಯನ್ನು 1962ರಲ್ಲಿ ಗುರುತಿಸುತ್ತಾರೆ. ಅದು ಬ್ರಿಟನ್ನಿನಲ್ಲಿ ತರುಣರ ಕೈಗೆ ಹಣ ಬಂದ ಕಾಲ. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಮೇರಿ ಕ್ವಾಂಟ್ ಎಂಬಾಕೆ 1955ರಲ್ಲಿಯೇ ‘ಬಜಾರ್’ ಎಂಬ ಅಂಗಡಿ ತೆರೆದಿದ್ದಳು. ಮುಂದೆ ತುಂಡು ಲಂಗವನ್ನು ಜನಪ್ರಿಯಗೊಳಿಸಿ ಜಗತ್ಪ್ರಸಿದ್ಧಳಾದಳು. ಕಾರ್ನಬಿ ಬೀದಿಯ ಅಂಗಡಿಗಳಲ್ಲಿ ಹುಡುಗರು ಬಣ್ಣಬಣ್ಣದ ಅಂಗಿ ಕೊಳ್ಳತೊಡಗಿದ್ದರು. ಅಮೆರಿಕದ ‘ಟೈಮ್’ ವಾರಪತ್ರಿಕೆ 1966ರ ಏಪ್ರಿಲಿನಲ್ಲಿ ಲಂಡನ್ನಿನ ಈ ಉಲ್ಲಾಸವನ್ನು ಮುಖಪುಟಕ್ಕೇ ಏರಿಸಿತು. ಆ ಗದ್ದಲಕ್ಕೆ ಹೊಂದುವ ಹೊಸ ವಿಶೇಷಣವೊಂದು ಬೇಕಿತ್ತು. ‘ಟ್ರೆಂಡಿ’ ಆ ಕೆಲಸ ಮಾಡಿತು.

ಆದರೆ ಅದರೊಡನೆ ಅರ್ಥ ತಲೆಕೆಳಗಾಯಿತು. ಹತ್ತಾರು ವರ್ಷ ಉಳಿಯುವ ದಿಕ್ಕಿಗೆ ಟ್ರೆಂಡ್ ಎಂದು ಹೆಸರು. ಹತ್ತಾರು ವಾರ ಉಳಿದರೆ ಹೆಚ್ಚೆನ್ನುವ ವಸ್ತುವಿಗೆ ಟ್ರೆಂಡಿ ಎಂದು ಹೆಸರು. ತಾಯಿ ಒಂದು ದಿಕ್ಕು, ಮಗಳು ಒಂದು ದಿಕ್ಕು! ಇಂಗ್ಲಿಷರು ಸ್ವತಃ ಇದನ್ನು ಬೇಗನೇ ಗಮನಿಸಿದರು. ಅಲ್ಲಿ ಈ ಪದಕ್ಕೆ ಸ್ವಲ್ಪ ಕೊಂಕೂ ಅಂಟಿಕೊಂಡಿತು. ತನ್ನದೆಂಬ ನಿಲುವಿಲ್ಲದೆ ಹೊಸದೆಲ್ಲದರ ಹಿಂದೆ ಓಡುವ ಪಾದ್ರಿಯನ್ನೋ ಉಪಾಧ್ಯಾಯನನ್ನೋ ಗೇಲಿಮಾಡಲು ಅವರು ಟ್ರೆಂಡಿ ಎನ್ನುತ್ತಾರೆ. ಅಲ್ಲಿನ ನಿಘಂಟುಗಳಲ್ಲಿ ಈ ಕೊಂಕಿನ ಸೂಚನೆಯನ್ನೂ ಕಾಣಬಹುದು. ನಮ್ಮಲ್ಲಿ ಮಾತ್ರ ಈ ಪದ ಬರೀ ಹೊಗಳಿಕೆಯಾಗಿ ಬಂದಿಳಿಯಿತು. ಸಾಮಾನು ಇಳಿಸಿಕೊಂಡೆವು, ಅದರ ಜೊತೆಗಿದ್ದ ಎಚ್ಚರಿಕೆಯ ಚೀಟಿ ದಾರಿಯಲ್ಲಿ ಕಳೆದುಹೋಯಿತು.

ಇತ್ತೀಚಿನ ವರ್ಷಗಳಲ್ಲಿ ಗೊಂದಲ ಇನ್ನೂ ಬೆಳೆದಿದೆ. 2008ರಲ್ಲಿ ಟ್ವಿಟರ್ ಎಂಬ ಜಾಲತಾಣ (2023ರಿಂದ ಅದಕ್ಕೆ ‘ಎಕ್ಸ್’ ಎಂದು ಹೆಸರು) ಆ ಗಳಿಗೆಯಲ್ಲಿ ಹೆಚ್ಚು ಜನ ಆಡುತ್ತಿರುವ ಮಾತುಗಳಿಗೆ ‘ಟ್ರೆಂಡಿಂಗ್’ ಎಂದು ಕರೆಯಿತು. ಅಲ್ಲಿ ಬೆಳಗಿನ ಟ್ರೆಂಡ್ ಮಧ್ಯಾಹ್ನದ ಊಟಕ್ಕೂ ಉಳಿಯುವುದಿಲ್ಲ. ಚುನಾವಣೆಯ ಮತ ಎಣಿಕೆಯ ದಿನ ದೂರದರ್ಶನದ ಮುಂದೆ ಕುಳಿತರೆ ಮೊದಲ ಸುತ್ತು ಮುಗಿಯುವ ಮುನ್ನವೇ ‘ಟ್ರೆಂಡ್ ಹೀಗಿದೆ’ ಎನ್ನುತ್ತಾರೆ. ಅದು ಮುನ್ನಡೆಯೇ ಹೊರತು ಟ್ರೆಂಡ್ ಅಲ್ಲ. ಚಿತ್ರರಂಗದವರು ‘ಟ್ರೆಂಡ್ ಸೆಟ್ಟರ್’ ಎನ್ನುವಾಗ ಮಾತ್ರ ಮೂಲದ ಅರ್ಥ ಸ್ವಲ್ಪ ಉಳಿದಿದೆ. ಒಂದು ಚಿತ್ರ ಬಂದ ಮೇಲೆ ಹಲವು ವರ್ಷ ಅದರ ಜಾಡಿನಲ್ಲೇ ಚಿತ್ರಗಳು ಬಂದರೆ ಆ ಹೆಸರು ಸಲ್ಲುತ್ತದೆ. ಬಿಡುಗಡೆಗೆ ಮೊದಲೇ ಭಿತ್ತಿಪತ್ರದಲ್ಲಿ ‘ಟ್ರೆಂಡ್ ಸೆಟ್ಟರ್’ ಎಂದು ಅಚ್ಚು ಹಾಕಿಸಿದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಕನ್ನಡದಲ್ಲಿ ಇದಕ್ಕೆ ಮಾತಿಲ್ಲದ್ದರಿಂದ ಇಂಗ್ಲಿಷ್ ಬಂತೆಂದು ಕೆಲವರು ಹೇಳಬಹುದು. ಅದು ನಿಜವಲ್ಲ. ಚಾಲ್ತಿ, ಷೋಕಿ, ಹೊಸ ನಮೂನೆ, ಬೆಡಗು, ಬಿನ್ನಾಣ, ಒಯ್ಯಾರ, ಸೊಗಸು, ಥಳಕು, ಠೀವಿ ಎಂಬ ಮಾತುಗಳೆಲ್ಲ ನಮ್ಮ ಬಾಯಲ್ಲಿ ಆಡಿದವೇ. ಇವುಗಳಲ್ಲೂ ಕೆಲವು ಹೊರಗಿನವು. ‘ಷೋಕಿ’ಯ ಮೂಲ ಅರಬ್ಬಿ, ‘ನಮೂನೆ’ಯದು ಪಾರಸಿ. ಅವು ಬಂದು ನಮ್ಮವಾದುವು. ಹೊರಗಿನ ಮಾತು ಬಂತೆಂದು ಕೋಪಿಸಿಕೊಳ್ಳುವವರಲ್ಲ ನಾವು. ಅರ್ಜಿ, ತಾರೀಖು, ದಫ್ತರಗಳ ನಡುವೆ ಹೊಟ್ಟೆ ಹೊರೆಯುವ ಗುಮಾಸ್ತನಿಗೆ ಆ ಮಡಿವಂತಿಕೆ ಸಾಧ್ಯವೂ ಅಲ್ಲ. ನಮ್ಮ ತಕರಾರು ಬೇರೆ. ಹಳೆಯ ಮಾತುಗಳಲ್ಲಿ ಒಂದೊಂದಕ್ಕೂ ಒಂದೊಂದು ತೂಕವಿತ್ತು. ‘ಸೊಗಸು’ ಎಂದರೆ ಮೆಚ್ಚುಗೆ. ‘ಥಳಕು’ ಎಂದರೆ ಒಳಗೆ ಹುರುಳಿಲ್ಲದ ಹೊಳಪು. ‘ಷೋಕಿ’ಯಲ್ಲಿ ಮುಗುಳ್ನಗೆಯಿಂದ ಕೂಡಿದ ಆಕ್ಷೇಪಣೆ. ‘ಚಾಲ್ತಿ’ಯಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ, ಸದ್ಯಕ್ಕೆ ನಡೆಯುತ್ತಿದೆ ಎಂಬ ಸಂಗತಿ ಮಾತ್ರ. ‘ಟ್ರೆಂಡಿ’ ಬಂದ ಮೇಲೆ ಈ ಆರೇಳು ತೂಕದ ಕಲ್ಲುಗಳನ್ನು ಮೂಲೆಗೆಸೆದು ಒಂದೇ ಕಲ್ಲಿನಿಂದ ಚಿನ್ನವನ್ನೂ ಹುಲ್ಲನ್ನೂ ತೂಗುತ್ತಿದ್ದೇವೆ.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಕನ್ನಡದಲ್ಲಿದೆ. ಅದು ‘ಒಪ್ಪುವುದು’. “ಈ ಬಣ್ಣ ನಿನಗೆ ಚೆನ್ನಾಗಿ ಒಪ್ಪುತ್ತದೆ” ಎನ್ನುವಾಗ ನಾವು ಉಟ್ಟವಳನ್ನು ನೋಡಿ ಮಾತಾಡುತ್ತಿದ್ದೇವೆ. ಅವಳ ಮೈಬಣ್ಣ, ವಯಸ್ಸು, ನಿಲುವು, ಸಂದರ್ಭ ಎಲ್ಲವೂ ಆ ಮಾತಿನಲ್ಲಿವೆ. “ಇದು ಟ್ರೆಂಡಿ” ಎನ್ನುವಾಗ ಉಟ್ಟವಳು ಲೆಕ್ಕಕ್ಕೇ ಇಲ್ಲ. ಇತರರು ಏನು ಉಡುತ್ತಿದ್ದಾರೆ ಎಂಬುದಷ್ಟೇ ಲೆಕ್ಕ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ತೋರಿಸಿ, ಹಿರಿಯರೇ ಪರರಿಚ್ಛೆಯನ್ನು ಒಪ್ಪಿದ್ದಾರಲ್ಲ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಆದರೆ ಆ ಗಾದೆಯ ‘ಪರರು’ ಯಾರು? ಮದುವೆಯ ಚಪ್ಪರದಲ್ಲಿ, ಜಾತ್ರೆಯಲ್ಲಿ, ಸಂಘದ ಸಭೆಯಲ್ಲಿ ನಮ್ಮೆದುರಿಗೆ ಕುಳಿತ ಜನ. ಅವರ ಕಣ್ಣಿಗೆ ಹಿತವಾಗಿರಲಿ ಎಂಬುದು ಒಂದು ಮರ್ಯಾದೆ. ಇಂದಿನ ‘ಪರರು’ ನಮ್ಮನ್ನು ಎಂದೂ ಕಾಣದವರು. ಹೋದ ವರ್ಷದ ಸರಕು ಹಳತಾಯಿತೆಂದು ನಮಗೆ ಅನ್ನಿಸಿದರೆ ಮಾತ್ರ ಈ ವರ್ಷದ ಸರಕು ಖರ್ಚಾಗುವ ವ್ಯಾಪಾರಸ್ಥರು. ಅವರ ಇಚ್ಛೆಗೆ ನಾವು ಮರ್ಯಾದೆಯ ಹೆಸರು ಕೊಡಬೇಕಾಗಿಲ್ಲ.

ಇಷ್ಟಾದರೂ ಟ್ರೆಂಡಿನಿಂದ ಒಳ್ಳೆಯದೇ ಆಗಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ನಮ್ಮ ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಇಂದು ಮರಾಠಿ ಹೆಣ್ಣುಮಕ್ಕಳ ಅಚ್ಚುಮೆಚ್ಚು. ನಮ್ಮ ಕಡೆ ಅದು ಕುಬಸದ ಬಟ್ಟೆ, ಉಡಿ ತುಂಬುವ ಬಟ್ಟೆ. ಇಲ್ಲಿ ಅದು ಸೀರೆಯಾಗಿದೆ, ಲಂಗವಾಗಿದೆ, ಕೈಚೀಲವಾಗಿದೆ, ಗಂಡಸರ ಜಾಕೀಟೂ ಆಗಿದೆ. ‘ಇದು ನಮ್ಮ ಸೀಮೆಯದು’ ಎಂದು ಹೇಳಿಕೊಳ್ಳಲು ನಮ್ಮ ಮಕ್ಕಳಿಗೆ ಈಗ ಸಂಕೋಚವಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಜೋಳದ ರೊಟ್ಟಿ, ರಾಗಿ ಅಂಬಲಿಗಳೂ ದೊಡ್ಡ ಹೋಟೆಲುಗಳ ತಿಂಡಿಪಟ್ಟಿ ಸೇರಿದುವು. ಡಬ್ಬಿಯಲ್ಲಿ ರೊಟ್ಟಿ ಒಯ್ದು ಶಾಲೆಯ ಮೂಲೆಯಲ್ಲಿ ಕುಳಿತು ತಿಂದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಅವರಿಗೆ ಇದು ಸಣ್ಣ ಸಮಾಧಾನವಲ್ಲ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಮೇಲೆಯೇ ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳ ಸಾಲು ಮೂಡುವುದು. ಗೋಮಿ, ಗಾಡಿ ಎಂದು ದಡಿಗಳಿಗೆ ಬೇರೆ ಬೇರೆ ಹೆಸರುಂಟು. ಈ ಕೆಲಸದಲ್ಲಿ ಕೈ ಕುದುರಲು ವರ್ಷಗಳು ಬೇಕು, ಮನೆಮಂದಿಯೆಲ್ಲ ದುಡಿಯಬೇಕು. ಮಗನೋ ಮಗಳೋ ಮಗ್ಗದ ಮೇಲೆ ಕೂಡಬೇಕೆಂದರೆ ಮುಂದಿನ ಇಪ್ಪತ್ತು ವರ್ಷ ಈ ಸೀರೆಗೆ ಗಿರಾಕಿ ಇರುವರೆಂಬ ಭರವಸೆ ಬೇಕು. ಅಂದರೆ ನೇಕಾರನಿಗೆ ಬೇಕಾದದ್ದು ಸಂಖ್ಯಾಶಾಸ್ತ್ರದ ಟ್ರೆಂಡ್. ನಾವು ಅವನಿಗೆ ಕೊಡುತ್ತಿರುವುದು ಪೇಟೆಯ ಟ್ರೆಂಡಿ. ಈ ಋತುವಿನಲ್ಲಿ ಮುಗಿಬಿದ್ದು ಕೇಳುತ್ತೇವೆ. ಕೈಮಗ್ಗದಿಂದ ಅಷ್ಟು ಬೇಗ ಒದಗಿಸಲಾಗುವುದಿಲ್ಲ. ಆ ಸಂದಿಯಲ್ಲಿ ಅದೇ ಚಿತ್ತಾರವನ್ನು ಅಗ್ಗದ ಬಟ್ಟೆಯ ಮೇಲೆ ಅಚ್ಚೊತ್ತಿದ ನಕಲು ಬಂದು ಅಂಗಡಿ ತುಂಬುತ್ತದೆ. ಟ್ರೆಂಡಿಯಷ್ಟೇ ಬೇಕಾದವರಿಗೆ ನಕಲೂ ಸಾಕು. ಮುಂದಿನ ಋತುವಿನಲ್ಲಿ ನಾವು ಬೇರೆ ಕಡೆ ಹೊರಟುಹೋಗುತ್ತೇವೆ. ಮಗ್ಗ ಅಲ್ಲೇ ನಿಂತಿರುತ್ತದೆ.

ಇದೇ ಮಾತನ್ನು ನಮ್ಮ ಭಾಷೆಗೂ ಅನ್ವಯಿಸಿ ನೋಡೋಣ. ನವೆಂಬರ್ ಬಂದರೆ ಕನ್ನಡವೂ ಟ್ರೆಂಡಿ. ಹಳದಿ-ಕೆಂಪು ಶಾಲು, ಕನ್ನಡ ಅಕ್ಷರ ಬರೆದ ಅಂಗಿ, ಮೊಬೈಲಿನಲ್ಲಿ ಭುವನೇಶ್ವರಿಯ ಚಿತ್ರ. ರಾಜ್ಯೋತ್ಸವದ ಸಭಾಂಗಣದಲ್ಲಿ ಕುರ್ಚಿ ಸಾಲದು. ಇದರಲ್ಲಿ ತಪ್ಪೇನೂ ಇಲ್ಲ, ನಾವೂ ಶಾಲು ಹೊದೆಯುವವರೇ. ಆದರೆ ಮಕ್ಕಳಿಗಾಗಿ ಕನ್ನಡ ತರಗತಿ ನಡೆಸಿದವರು ಬಲ್ಲರು, ಡಿಸೆಂಬರಿನ ಮೂರನೆಯ ವಾರದ ಹೊತ್ತಿಗೆ ಎಷ್ಟು ಚಾಪೆ ಹಾಸಬೇಕಾಗುತ್ತದೆ ಎಂಬುದನ್ನು. ಬಿ.ಎಸ್ಸಿ. ಪಾಠದ ಪ್ರಕಾರ ಇದಕ್ಕೆ ಋತುಮಾನದ ಏರಿಳಿತವೆಂದು ಹೆಸರು.

ನಿಜವಾದ ಟ್ರೆಂಡ್ ಬೇಕೆಂದರೆ ಜನಗಣತಿಯ ಪುಸ್ತಕ ತೆರೆಯಬೇಕು. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 2001ರಲ್ಲಿ ಸುಮಾರು 3.79 ಕೋಟಿ, 2011ರಲ್ಲಿ ಸುಮಾರು 4.37 ಕೋಟಿ. ಸಂಖ್ಯೆ ಏರಿದೆ, ಸಂತೋಷ. ಆದರೆ ದೇಶದ ಒಟ್ಟು ಜನರಲ್ಲಿ ಕನ್ನಡಿಗರ ಪಾಲು 2001ರಲ್ಲಿ ಶೇಕಡಾ 3.69 ಇದ್ದದ್ದು 2011ರಲ್ಲಿ 3.61ಕ್ಕೆ ಇಳಿದಿದೆ. ಉತ್ತರದ ರಾಜ್ಯಗಳಲ್ಲಿ ಜನಸಂಖ್ಯೆ ಹೆಚ್ಚು ವೇಗವಾಗಿ ಬೆಳೆದದ್ದು ಇದಕ್ಕೆ ಮುಖ್ಯ ಕಾರಣ. ಆದುದರಿಂದ ಎದೆ ಬಡಿದುಕೊಳ್ಳುವ ಅಗತ್ಯವಿಲ್ಲ. ಆದರೆ ಹೊರನಾಡಿನಲ್ಲಿರುವ ನಾವು ನಮ್ಮ ನಮ್ಮ ಮನೆಯ ಗಣತಿಯನ್ನು ನಾವೇ ತೆಗೆದುಕೊಳ್ಳಬಹುದು. ಅಜ್ಜಿ ಕನ್ನಡ ಓದಿ ಬರೆಯಬಲ್ಲರು. ನಾವು ಓದಬಲ್ಲೆವು, ಬರೆಯಲು ತಡವರಿಸುತ್ತೇವೆ. ಮಕ್ಕಳು ಮಾತಾಡಬಲ್ಲರು, ಅಂಗಡಿಯ ಫಲಕ ಓದಲಾರರು. ಮೂರು ತಲೆಮಾರಿನ ಈ ಮೂರು ಬಿಂದುಗಳನ್ನು ಕಾಗದದ ಮೇಲೆ ಗುರುತಿಸಿ ಒಂದು ಗೆರೆ ಎಳೆಯಿರಿ. ಅದು ಯಾವ ಕಡೆಗೆ ಬಾಗುತ್ತದೆ ಎಂದು ನೋಡಲು ಸಂಖ್ಯಾಶಾಸ್ತ್ರ ಬೇಕಾಗಿಲ್ಲ. ಆ ಗೆರೆಯೇ ಟ್ರೆಂಡ್. ನವೆಂಬರಿನ ಶಾಲು ಅದನ್ನು ಮುಚ್ಚಬಲ್ಲುದೇ ಹೊರತು ತಿರುಗಿಸಲಾರದು.

ಆದುದರಿಂದ ನಮ್ಮ ಸೂಚನೆ ಇಷ್ಟು. ಬಂದುಹೋಗುವ ವಸ್ತುವಿಗೆ ‘ಚಾಲ್ತಿಯಲ್ಲಿದೆ’ ಎನ್ನೋಣ, ಬೇಕಾದರೆ ‘ಟ್ರೆಂಡಿ’ ಎಂದೇ ಎನ್ನೋಣ. ಆದರೆ ಹಾಗೆಂದ ಮಾತ್ರಕ್ಕೆ ಅದು ಒಳ್ಳೆಯದೆಂದಾಗಲಿ, ಅಲ್ಲವೆಂದ ಮಾತ್ರಕ್ಕೆ ಕೆಟ್ಟದೆಂದಾಗಲಿ ತಿಳಿಯದಿರೋಣ. ಚೆಲುವಾದದ್ದಕ್ಕೆ ‘ಸೊಗಸು’ ಎನ್ನೋಣ. ಉಟ್ಟವರಿಗೆ ಹೊಂದಿದರೆ ‘ಒಪ್ಪುತ್ತದೆ’ ಎನ್ನೋಣ. ಹಲವು ವರ್ಷ ಉಳಿಯುವ ದಿಕ್ಕಿಗೆ ಪಠ್ಯಪುಸ್ತಕಗಳ ‘ಪ್ರವೃತ್ತಿ’ ಭಾರವೆನಿಸಿದರೆ ‘ಒಲವು’ ಇದೆ, ‘ಜಾಡು’ ಇದೆ. ಪಾತ್ರೆ ಮಾರುವವಳು ಬಾಗಿಲಿಗೆ ಬಂದಾಗ, ಗಂಟು ಬಿಚ್ಚುವ ಮುನ್ನ, ಈ ಮಾತುಗಳಲ್ಲಿ ಯಾವುದು ಆ ಸೀರೆಗೆ ಸಲ್ಲುತ್ತದೆ ಎಂದು ಒಂದು ಗಳಿಗೆ ಯೋಚಿಸೋಣ.

ಆ ಭಾನುವಾರದ ಕಥೆಯನ್ನು ಪೂರ್ತಿ ಮಾಡಬೇಕು. ಸಂಜೆ ಅಜ್ಜಿ ತಮ್ಮ ಟ್ರಂಕಿನ ತಳದಿಂದ ಒಂದು ಸೀರೆ ತೆಗೆದರು. ಕೊಡದೆ ಉಳಿಸಿಕೊಂಡ ಒಂದೇ ಒಂದು ಇಳಕಲ್ ಸೀರೆ, ಗೋಮಿ ದಡಿಯದು. ಮೊಮ್ಮಗಳು ಅದನ್ನು ಹೆಗಲ ಮೇಲೆ ಹೊದ್ದು ಕನ್ನಡಿಯ ಮುಂದೆ ನಿಂತಳು. “ಹೆಂಗ ಕಾಣಸ್ತದ ಅಜ್ಜೀ?” ಎಂದು ಕೇಳಿದಳು. ಅಜ್ಜಿ ಒಂದು ಕ್ಷಣ ನೋಡಿ, “ನಿನಗ ಒಪ್ಪತದ. ಆದರ ಕೊಡೂದು ಒಂದು ಕರಾರಿನ ಮ್ಯಾಲ. ಮುಂದಿನ ವರ್ಷಾನೂ ಉಡಬೇಕು” ಎಂದರು.

ಕರಾರು ನಮ್ಮ ಮಗಳಿಗೆ ಮಾತ್ರ ಅನ್ವಯಿಸುವುದೆಂದು ನಮಗೆ ಅನಿಸಲಿಲ್ಲ. ಜನವರಿಯಿಂದ ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆ ಅಜ್ಜಿಯ ಮುಂದೆ ಕುಳಿತು ಅವಳು ಕನ್ನಡ ಓದುತ್ತಿದ್ದಾಳೆ. ಒತ್ತಕ್ಷರಗಳಲ್ಲಿ ಇನ್ನೂ ಎಡವುತ್ತಾಳೆ. ಪಕ್ಕದಲ್ಲಿ ಕುಳಿತು ನಾವೂ ಕಾಗುಣಿತ ತಿದ್ದಿಕೊಳ್ಳುತ್ತಿದ್ದೇವೆ. ವಾಚಕರ ಮನೆಗಳಲ್ಲಿ ಇಂಥ ಪ್ರಯತ್ನಗಳು ನಡೆದಿದ್ದರೆ ಈ ಪತ್ರಿಕೆಗೆ ಬರೆದು ತಿಳಿಸಬೇಕಾಗಿ ಕೋರಿಕೆ.